ಖಾನೆಯಲ್ಲಿ ಹಿಡಿಯದ ಗಂಡಸರು

ಗಿಣಿಗೇರಾದಿಂದ ಹೊಸಪೇಟೆ ಕಡೆಗೆ ಹೊರಟರೆ ದಾರಿಯಲ್ಲೇ ಹುಲಿಗಿ. ಹುಣ್ಣಿಮೆಯ ದಿನ ಹುಲಿಗೆಮ್ಮನ ಗುಡಿಯ ಮುಂದೆ ಸೀರೆಯುಟ್ಟು ಕೊಡ ಹೊತ್ತು ಕುಣಿಯುವ ಜೋಗಪ್ಪಗಳಿಗೆ ಕೈಮುಗಿಯುವವರಲ್ಲಿ ಎಷ್ಟು ಮಂದಿ ಅವರಿಗೆ ಬಾಡಿಗೆ ಮನೆ ಕೊಟ್ಟಾರು? ಅವರಲ್ಲಿ ಕೆಲವರಿಗೆ ಹೊಟ್ಟೆಪಾಡಿಗಾಗಿ ಮೈ ಮಾರುವ ಗತಿ ಬರುತ್ತದೆ. ಎಲ್ಲರಿಗೂ ಅಲ್ಲ, ಇದನ್ನು ಒತ್ತಿ ಹೇಳಬೇಕು. ಅವರನ್ನು ‘ಗಂಡಸರು’ ಎನ್ನುವುದೂ ನಮ್ಮ ಮಾತೇ. ಅನೇಕರಿಗೆ ಅದು ಒಪ್ಪಿಗೆಯಿಲ್ಲ.

ಮೈ ಮಾರುವ ಗಂಡಸರ ಬಗ್ಗೆ ನಮ್ಮ ಕಾನೂನಾಗಲಿ ಸಮಾಜಶಾಸ್ತ್ರವಾಗಲಿ ಬಹುಕಾಲ ಯೋಚಿಸಲೇ ಇಲ್ಲ. 1982ರ ದೇವದಾಸಿ ನಿಷೇಧ ಕಾಯ್ದೆ ಹೆಣ್ಣನ್ನು ಮಾತ್ರ ಹೆಸರಿಸಿತು. 1956ರ ಅನೈತಿಕ ವ್ಯವಹಾರ ಕಾಯ್ದೆಯೂ ಹೆಂಗಸರು, ಹುಡುಗಿಯರ ಕುರಿತದ್ದು. 1986ರ ತಿದ್ದುಪಡಿಯಲ್ಲಷ್ಟೇ ಅದು ‘ವ್ಯಕ್ತಿ’ ಎಂದಿತು. ಸಂಶೋಧಕರ ಕಣ್ಣಿಗೆ ಈ ಗಂಡಸರು ಹೆಚ್ಚಾಗಿ ಬಿದ್ದದ್ದು ಏಡ್ಸ್ ಬಂದ ಮೇಲೆ. ಅಲ್ಲೊಂದು ವಿಚಿತ್ರವಿದೆ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಪಟ್ಟಿಯಲ್ಲಿ ಹೆಣ್ಣು ‘ಲೈಂಗಿಕ ಕಾರ್ಯಕರ್ತೆ’. ಗಂಡಸು ಮಾತ್ರ ‘ಗಂಡಸರೊಡನೆ ಕೂಡುವ ಗಂಡಸು’. ಅವಳಿಗೆ ಕಸುಬಿನ ಹೆಸರು, ಇವನಿಗೆ ಕಾಮದ ಹೆಸರು. ಹಣಕ್ಕಾಗಿ ಹೋದವನೂ ಪ್ರೀತಿಗಾಗಿ ಹೋದವನೂ ಒಂದೇ ಖಾನೆಯಲ್ಲಿ! ಹೆಂಗಸರಿಂದ ಹಣ ಪಡೆಯುವವನಿಗಂತೂ ಖಾನೆಯೇ ಇಲ್ಲ. ಎಷ್ಟು ಸಿಕ್ಕಿತು, ಮನೆಗೆ ಎಷ್ಟು ಹೋಯಿತು, ಯಾರು ಕಿತ್ತುಕೊಂಡರು ಎಂಬುದಕ್ಕೆ ಆ ಪಟ್ಟಿಯಲ್ಲಿ ಜಾಗವಿಲ್ಲ.

ಇದು ಪಾಪವಲ್ಲವೇ ಎಂದು ಕೇಳುವ ಓದುಗರಿದ್ದಾರೆ. ಇರಲಿ. ಪಾಪದ ಲೆಕ್ಕ ಬರೆಯುವವರು ಕಾಸು ಕೊಟ್ಟವನ ಹೆಸರನ್ನೂ ಬರೆದುಕೊಳ್ಳಲಿ.

ಪಿಯುಸಿಎಲ್ ಕರ್ನಾಟಕ ಘಟಕವು ಬೆಂಗಳೂರಿನ ಕೋಥಿ ಮತ್ತು ಹಿಜ್ರಾ ಲೈಂಗಿಕ ಕಾರ್ಯಕರ್ತರ ಬಗ್ಗೆ 2003ರಲ್ಲಿ ತಂದ ವರದಿ ಈ ಜಾಡು ಬಿಟ್ಟಿತು. ರೋಗವನ್ನಲ್ಲ, ಅವರ ಮೇಲಿನ ಹಿಂಸೆಯನ್ನು ಅದು ಮುಂದಿಟ್ಟಿತು. ಆದರೆ ಅದು ಬೆಂಗಳೂರು, ಜನಜಂಗುಳಿಯಲ್ಲಿ ಮರೆಯಾಗಬಹುದು. ಉಕ್ಕಿನ ಕಾರ್ಖಾನೆಗೆ ಪರಊರಿನವರು ಬಂದರೂ, ಯಾರು ಯಾರ ಮಗನೆಂದು ಇನ್ನೂ ಗೊತ್ತಿರುವ ಗಿಣಿಗೇರಾದಂಥ ಊರಿನಲ್ಲಿ ಹುಡುಗನೊಬ್ಬ ಎಲ್ಲಿ ಮರೆಯಾದಾನು? ಆ ಅಧ್ಯಯನ ನಮ್ಮ ಕಣ್ಣಿಗೆ ಬಿದ್ದಿಲ್ಲ.

ಸಮಾಜಶಾಸ್ತ್ರಜ್ಞರನ್ನಷ್ಟೇ ದೂರಿ ಫಲವಿಲ್ಲ, ಕತೆ ಬರೆಯುವ ನಾವೂ ಸಾಚಾ ಅಲ್ಲ. ಉರ್ದುವಿನಲ್ಲಿ ಮಂಟೋ ಕೋಠೆಯ ಹೆಂಗಸರಿಗೆ ಮುಖ ಕೊಟ್ಟರು. ಇಸ್ಮತ್ ಚುಗ್ತಾಯಿಯವರ ‘ಲಿಹಾಫ್’ (1942) ಲಾಹೋರಿನ ಕೋರ್ಟು ಹತ್ತಿತು. ಅದನ್ನು ಓದಿದಾಗಲೆಲ್ಲ ನಾವು ಮಾತಾಡಿದ್ದು ಬೇಗಂ ಜಾನ್‌ಳ ಒಂಟಿತನದ ಬಗ್ಗೆ. ಅದೇ ಕತೆಯಲ್ಲಿ ನವಾಬರು ಖರ್ಚುಕೊಟ್ಟು ಸಾಕಿದ, ತೆಳುಸೊಂಟದ ಹುಡುಗರಿದ್ದಾರೆ. ಅವರು ಯಾರ ಮನೆಯ ಮಕ್ಕಳು, ಆ ಖರ್ಚಿಗೆ ಏನು ತೆತ್ತರು ಎಂದು ನಾವು ಒಮ್ಮೆಯೂ ಕೇಳಲಿಲ್ಲ.