ಟ್ರಿಪ್ ಆಯಿತೆಂದು ಬೈಯಬೇಡಿ

ಮರಾಠವಾಡದಲ್ಲಿ ಬೇಸಿಗೆ ಎಂದರೆ ಕೂಲರ್. ಏಪ್ರಿಲ್ ಹೊತ್ತಿಗೆ ಛತ್ರಪತಿ ಸಂಭಾಜಿನಗರದ ಓಣಿಗಳಲ್ಲಿ ಕಿಟಕಿ ಕಿಟಕಿಗೂ ತಗಡಿನ ಕೂಲರ್ ಕೂತಿರುತ್ತದೆ. ಒಳಗೆ ನೀರು, ನೀರಲ್ಲೇ ಮುಳುಗಿದ ಪುಟ್ಟ ಪಂಪು, ಸುತ್ತ ಕಬ್ಬಿಣದ ಮೈ. ಪಂಪಿನ ವೈರು ಎಲ್ಲಾದರೂ ಸುಲಿದರೆ ಮೈಯೆಲ್ಲ ಕರೆಂಟು. ಬರಿಗಾಲಲ್ಲಿ ನೀರು ತುಂಬಲು ಬಂದವರ ಕೈ ಮೊದಲು ತಗಲುವುದೂ ಅಲ್ಲಿಗೇ. ನಾಸಿಕ್‌ನ ಚಳಿಗಾಲದಲ್ಲಿ ಇದೇ ಅಪಾಯ ಗೀಸರ್‌ನದು, ಬಕೆಟ್ಟಿಗೆ ಇಳಿಬಿಡುವ ಹೀಟರ್ ರಾಡ್‌ನದು.

ನಾಸಿಕ್ ಎಂದರೆ ಎಬಿಬಿ ಕಂಪನಿಯ ಸ್ವಿಚ್‌ಗಿಯರ್ ತಯಾರಾಗುವ ಊರು. ಅಂಥ ಊರಲ್ಲೂ ಹಳೆಯ ಬಾಡಿಗೆ ಮನೆಯ ಡಿಬಿ (ಡಿಸ್ಟ್ರಿಬ್ಯೂಷನ್ ಬೋರ್ಡ್) ನೋಡಿದರೆ ಬರೀ ಎಂಸಿಬಿಗಳು ಕಾಣುವುದು ಅಪರೂಪವೇನಲ್ಲ. ಎಂಸಿಬಿ ಕಾಯುವುದು ವೈರನ್ನು, ಮನುಷ್ಯನನ್ನಲ್ಲ. 16 ಆಂಪಿಯರ್ ಮೀರಿದರೆ ಟ್ರಿಪ್ ಆಗಿ ಬೀಳಬೇಕಾದ ಅದಕ್ಕೆ, ಮೈಮೂಲಕ ಹರಿಯುವ ಮಾರಕ ಕರೆಂಟು ಲೆಕ್ಕಕ್ಕೇ ಬರುವುದಿಲ್ಲ. ಆ ಲೆಕ್ಕ ಇಡುವುದು ಆರ್‌ಸಿಸಿಬಿ. ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಈಗಲೂ ಇಎಲ್‌ಸಿಬಿ. ಫೇಸ್‌ನಲ್ಲಿ ಹೋದದ್ದು ನ್ಯೂಟ್ರಲ್‌ನಲ್ಲಿ ಪೂರ್ತಿ ವಾಪಸು ಬಂತೇ ಎಂದು ಅದು ಸದಾ ತಾಳೆ ನೋಡುತ್ತದೆ. ವ್ಯತ್ಯಾಸ 30 ಮಿಲಿ ಆಂಪಿಯರ್ ಮುಟ್ಟುವುದರೊಳಗೆ ಬಿದ್ದುಬಿಡುತ್ತದೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಗಳು ಮನೆಗಳಿಗೆ ಹಾಕಿದ್ದ ಮಿತಿಯೂ 30 ಆಗಿತ್ತು, ಉಳಿದೆಡೆ 100.

ಅಮೆರಿಕದಲ್ಲಿ ಈ ರಕ್ಷಣೆ ಸಾಕೆಟ್ಟಿನೊಳಗೇ ಇರುತ್ತದೆ, ಸುಮಾರು 5 ಮಿಲಿ ಆಂಪಿಯರ್‌ಗೇ ಬೀಳುತ್ತದೆ. ಬರ್ಕ್ಲಿಯ ಪ್ರೊಫೆಸರ್ ಚಾರ್ಲ್ಸ್ ಡಾಲ್ಜಿಯಲ್ 1961ರಲ್ಲಿ ಹಾಕಿಕೊಟ್ಟ ದಾರಿ ಅದು. ನಮ್ಮಲ್ಲಿ ರೂಢಿ ಡಿಬಿಯಲ್ಲಿ, ಇಡೀ ಮನೆಗೆ ಒಂದು. ನನಗೆ ಈ ಜಿಪುಣತನ ಹಿಡಿಸದು. ಕೂಲರ್ ಸೋರಿದರೆ ಫ್ರಿಜ್ಜೂ ಬಂದ್. ಮೇಲಾಗಿ ಕಂಪ್ಯೂಟರ್, ವಾಷಿಂಗ್ ಮಷಿನ್ ಎಲ್ಲದರ ಚೂರುಪಾರು ಸೋರಿಕೆ ಒಂದೇ ಲೆಕ್ಕಕ್ಕೆ ಸೇರಿ ವಿನಾಕಾರಣ ಬೀಳುತ್ತದೆ. ಗೀಸರ್, ಅಡುಗೆಮನೆ, ಕೂಲರ್ ಪಾಯಿಂಟುಗಳಿಗೆ ಎಂಸಿಬಿ, ಆರ್‌ಸಿಸಿಬಿ ಎರಡರ ಕೆಲಸವನ್ನೂ ಮಾಡುವ ಬೇರೆ ಬೇರೆ ಆರ್‌ಸಿಬಿಒ ಹಾಕಿಸಿ. ಇನ್‌ವರ್ಟರ್ ಎಸಿ, ಹೊಸ ವಾಷಿಂಗ್ ಮಷಿನ್ ಇದ್ದರೆ ‘ಎಸಿ’ ಟೈಪ್ ಬೇಡ, ‘ಎ’ ಟೈಪ್ ಕೇಳಿ ತನ್ನಿ.

ಇನ್ನು, ಪದೇ ಪದೇ ಟ್ರಿಪ್ ಆಗುವ ಮನೆಯವರ ಗೋಳು. ಎಲ್ಲ ಎಂಸಿಬಿ ಆಫ್ ಮಾಡಿ ಆರ್‌ಸಿಸಿಬಿ ಎತ್ತಿ. ನಿಂತರೆ, ಎಂಸಿಬಿಗಳನ್ನು ಒಂದೊಂದಾಗಿ ಎತ್ತುತ್ತ ಬನ್ನಿ. ಯಾವುದಕ್ಕೆ ಬಿತ್ತೋ ಆ ಲೈನಿನ ಪ್ಲಗ್ಗುಗಳನ್ನೆಲ್ಲ ಕಿತ್ತು ಮತ್ತೆ ನೋಡಿ. ಕಳ್ಳ ಹೆಚ್ಚಾಗಿ ಗೀಸರ್‌ನ ಕಾಯಿಲ್ಲೋ ಮಳೆಗೆ ನೆನೆದ ಹೊರಗಿನ ಸಾಕೆಟ್ಟೋ ಆಗಿರುತ್ತದೆ. ಎಲ್ಲ ಆಫ್ ಇದ್ದರೂ ಬಿದ್ದರೆ ಆರ್‌ಸಿಸಿಬಿ ಕೆಟ್ಟಿದೆ ಎಂದು ಎಸೆಯಬೇಡಿ. ಸಿಂಗಲ್ ಪೋಲ್ ಎಂಸಿಬಿ ಕಡಿಯುವುದು ಫೇಸನ್ನು ಮಾತ್ರ. ಎಲ್ಲೋ ನ್ಯೂಟ್ರಲ್ ಅರ್ಥಿಂಗಿಗೆ ತಗುಲಿದ್ದರೂ ಹೀಗಾಗುತ್ತದೆ. ಮನೆಗೆ ಇನ್‌ವರ್ಟರ್ ಕೂರಿಸಿದ ದಿನದಿಂದ ತೊಂದರೆ ಶುರುವಾಗಿದ್ದರೆ ಎರಡು ಲೈನಿನ ನ್ಯೂಟ್ರಲ್ ಬೆರೆತಿರುವುದೇ ಹೆಚ್ಚು. ಇವಕ್ಕೆ ಡಿಬಿ ಬಿಚ್ಚಬೇಕು. ಅದು ಲೈಸೆನ್ಸ್ ಇದ್ದವರ ಕೆಲಸ. ‘ಸದ್ಯಕ್ಕೆ ಡೈರೆಕ್ಟ್ ಮಾಡಿಕೊಡ್ತೀನಿ’ ಎಂದವನನ್ನು ಹಾಗೇ ಕಳಿಸಿ.

ಅರ್ಥಿಂಗ್ ಮರೆಯುವಂತಿಲ್ಲ. ಅದು ಸರಿ ಇದ್ದರೆ ಕೂಲರ್ ಮೈಗೆ ಕರೆಂಟು ಬಂದ ಕ್ಷಣವೇ ಆರ್‌ಸಿಸಿಬಿ ಬೀಳುತ್ತದೆ. ಇಲ್ಲದಿದ್ದರೆ ಯಾರಾದರೂ ಮುಟ್ಟಿ ಶಾಕ್ ಹೊಡೆಸಿಕೊಂಡ ಮೇಲೆ. ದಖ್ಖನಿನ ಕಪ್ಪುಕಲ್ಲಿನ ನೆಲದಲ್ಲಿ ಬೇಸಿಗೆಗೆ ಅರ್ಥ್ ಗುಂಡಿ ಒಣಗುತ್ತದೆ. ಅದಕ್ಕೆ ನೀರುಣಿಸಿ, ವರ್ಷಕ್ಕೊಮ್ಮೆ ಅಳತೆ ಮಾಡಿಸಿ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಅರ್ಥಿಂಗಿನ ಸುದ್ದಿ ಹೇಳುವುದಿಲ್ಲ, ತನ್ನ ಯಂತ್ರದ್ದಷ್ಟೇ ಹೇಳುತ್ತದೆ. ಆದರೂ ತಿಂಗಳಿಗೊಮ್ಮೆ ಒತ್ತಿ. ಬೀಳದ ಆರ್‌ಸಿಸಿಬಿ ಇದ್ದೂ ಇಲ್ಲದಂತೆ, ಅವತ್ತೇ ಬದಲಾಯಿಸಿ.