ಎಂಟು ವಿಕೆಟ್ಟಿಗೆ ಸೋತ ಶ್ರೀನಾಥ್

ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಮಕ್ಕಳಿಗೆ ಎಲೆಗೆ ದರ್ಜೆ ಕಟ್ಟುವುದನ್ನು ಯಾರೂ ಕಲಿಸಬೇಕಿಲ್ಲ. ಬೇಯಿಸಿ ಇಳಿಸಿದ ಹೊಗೆಸೊಪ್ಪನ್ನು ಮನೆಮಂದಿಯೆಲ್ಲ ಕೂತು ಬಣ್ಣ, ಅಗಲ, ಕಲೆ ನೋಡಿ ವಿಂಗಡಿಸುತ್ತಿದ್ದರೆ, ಪಕ್ಕದಲ್ಲಿ ನಾವೂ ನಮ್ಮ ಎಲೆಗಳನ್ನು ವಿಂಗಡಿಸುತ್ತಿದ್ದೆವು. ನಮ್ಮವು ಕ್ರಿಕೆಟ್ ಟ್ರಂಪ್ ಕಾರ್ಡುಗಳು. ಕೆ.ಆರ್. ನಗರದ ಅತ್ತೆ ಮನೆಗೆ ಹೋದಾಗ ಚುಂಚನಕಟ್ಟೆ ಜಾತ್ರೆಯಲ್ಲಿ ಕಾಡಿ ಬೇಡಿ ಕೊಂಡದ್ದು. ಇದ್ದದ್ದರಲ್ಲಿ ಅತಿ ಬಲವಾದ ಎಲೆ ಯಾವುದು ಎಂಬ ಜಗಳ ಆಗ ತೀರಲಿಲ್ಲ. ಈಗ ಕೂತು ಲೆಕ್ಕ ಹಾಕಿದ್ದೇನೆ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ಎಲೆಯ ಮೇಲೆ ಒಬ್ಬ ಆಟಗಾರನ ಚಿತ್ರ. ಕೆಳಗೆ ಅವನು ಆಡಿದ ಪಂದ್ಯ, ಹೊಡೆದ ರನ್, ಗರಿಷ್ಠ ಸ್ಕೋರು, ಸರಾಸರಿ, ಪಡೆದ ವಿಕೆಟ್. ಎಲೆಗಳನ್ನು ಸಮನಾಗಿ ಹಂಚಿಕೊಂಡು, ಪ್ರತಿಯೊಬ್ಬರೂ ತಮ್ಮ ಮೇಲಿನ ಎಲೆಯನ್ನಷ್ಟೇ ನೋಡಬೇಕು. ಸರದಿ ಇದ್ದವನು ಒಂದು ಅಂಕಿ ಕೂಗುತ್ತಾನೆ. ಯಾರದು ಹೆಚ್ಚೋ ಅವನು ಎರಡೂ ಎಲೆ ಎತ್ತಿ ಅಡಿಗೆ ಸೇರಿಸಿಕೊಳ್ಳುತ್ತಾನೆ, ಮುಂದಿನ ಕೂಗೂ ಅವನದೇ. ಎದುರಿನವನ ಕೈ ಬರಿದಾದಾಗ ಆಟ ಮುಗಿಯಿತು.

ಬಲವಾದ ಎಲೆ ಯಾವುದೆಂದರೆ ಎಲ್ಲರೂ ಹೇಳುವ ಹೆಸರು ಸಚಿನ್. ಕಾರ್ಡಿನ ಮೇಲಿನ ಅಂಕಿ ಅಚ್ಚಾದ ವರ್ಷದ್ದು, ಸೆಟ್ಟಿಂದ ಸೆಟ್ಟಿಗೆ ಬದಲು. ಹಾಗಾಗಿ ಏಕದಿನ ಪಂದ್ಯಗಳ ಕೊನೆಯ ಲೆಕ್ಕವನ್ನೇ ಹಿಡಿಯೋಣ: 463 ಪಂದ್ಯ, 18,426 ರನ್, ಗರಿಷ್ಠ ಅಜೇಯ 200. ಸರದಿ ನಿಮ್ಮದಾಗಿ ಈ ಎಲೆ ಮೇಲೆ ಬಂದರೆ 'ರನ್' ಎನ್ನಿ, ಸಾಕು. ಆದರೆ ಸ್ವಂತ ಸರದಿಯಲ್ಲಿ ಗೆಲ್ಲುವುದು ಹೆಚ್ಚುಗಾರಿಕೆಯಲ್ಲ. ಮುರಳೀಧರನ್ ಎಲೆಯೂ 534 ವಿಕೆಟ್ ಕೂಗಿ ಎಲ್ಲರನ್ನೂ ಹೊಡೆಯುತ್ತದೆ. ಎದುರಿನವನು 'ರನ್' ಎಂದ ಕೂಡಲೇ 674ಕ್ಕೆ ಕುಸಿದು ಬೀಳುತ್ತದೆ. ಹರಾಜಿನಿಂದ ಬಂದ ದಿನ ಅಪ್ಪ ಹೇಳುತ್ತಿದ್ದ ಮಾತು ಇಲ್ಲಿಗೂ ಸರಿ: "ಸೊಪ್ಪಿನ ಬೆಲೆ ಮನೇಲಿ ಗೊತ್ತಾಗಕಿಲ್ಲ ಕಣ್ಲಾ, ಎದುರಿಗೆ ನಿಂತೋನು ಕೂಗ್ದಾಗ ಗೊತ್ತಾಯ್ತದೆ." ಎಲೆಯ ನಿಜವಾದ ಬಲ ತಿಳಿಯುವುದು ಪರರ ಸರದಿಯಲ್ಲಿ.

ಈ ಒರೆಗಲ್ಲಿಗೆ ಉಜ್ಜಿದರೆ ನನ್ನ ಪಟ್ಟಿಯಲ್ಲಿ ಮೊದಲನೆಯವನು ಸನತ್ ಜಯಸೂರ್ಯ. 445 ಪಂದ್ಯ, 13,430 ರನ್, 323 ವಿಕೆಟ್. ಶೇನ್ ವಾರ್ನ್‌ನ 293 ವಿಕೆಟ್ ಕೂಗಿದರೂ ಈ ಎಲೆ ಬಗ್ಗುವುದಿಲ್ಲ. 2000ದಲ್ಲಿ ಶಾರ್ಜಾದಲ್ಲಿ ಈತ 189 ಹೊಡೆದು, ಭಾರತ ಬರೀ 54ಕ್ಕೆ ಆಲೌಟ್ ಆದ ದಿನವನ್ನು ನಮ್ಮ ಓಣಿ ಮರೆತಿಲ್ಲ. ಆದರೂ ಕಾರ್ಡ್ ಕೈಗೆ ಬಂದರೆ ದ್ವೇಷ ಮರೆಯುತ್ತಿತ್ತು. ಎಲೆಗೊಂದು ತೂತಿದೆ, ಸರಾಸರಿ 32.36. ಸಚಿನ್ ಎಲೆಯ ತೂತು ವಿಕೆಟ್, 154. ಯಾವ ತೂತು ಹೆಚ್ಚು ಅಪಾಯ? ಬೌಲರ್ ಎಲೆ ಹಿಡಿದವನಿಗೆ ವಿಕೆಟ್ ಬಿಟ್ಟರೆ ಕೂಗಲು ಬೇರೆ ಗತಿಯಿಲ್ಲ. ಸಚಿನ್ ತೂತಿಗೆ ಏಟು ಬಿದ್ದೇ ಬೀಳುತ್ತದೆ. ಬ್ಯಾಟ್ಸ್‌ಮನ್ ಎಲೆ ಹಿಡಿದವನಾದರೋ ಮೊದಲು ರನ್ ಕೂಗುತ್ತಾನೆ. ಸರಾಸರಿ ನೆನಪಾಗುವುದು ಚಾಣಾಕ್ಷನಿಗೆ ಮಾತ್ರ.

ಎದುರಿಗಿರುವವನು ಅಂಥ ಚಾಣಾಕ್ಷನಾದರೆ ಪಟ್ಟಿ ತಿರುಗಿ, ಎರಡನೆಯ ಜಾಗದ ಜಾಕ್ ಕಾಲಿಸ್ ಮೇಲೇರುತ್ತಾನೆ: 11,579 ರನ್, ಸರಾಸರಿ 44.36, ಮೇಲೆ 273 ವಿಕೆಟ್. ಯಾವ ಸಾಲೂ ತೀರಾ ಬಡವಲ್ಲ. ಸಚಿನ್‌ಗೆ ಮೂರನೆಯ ಸ್ಥಾನ. ಬೈಯುವವರು ಬೈಯಲಿ, ನಾನು ಆಟಗಾರನನ್ನು ಅಳೆಯುತ್ತಿಲ್ಲ, ಎಲೆಯನ್ನು ಅಳೆಯುತ್ತಿದ್ದೇನೆ.

ಆ ಎರಡರ ನಡುವಿನ ಅಂತರವೇ ಈ ಆಟದ ದೊಡ್ಡ ಕೊರತೆ. ಪಂದ್ಯ, ರನ್, ವಿಕೆಟ್ ಎಲ್ಲವೂ ಕೂಡುತ್ತಾ ಹೋಗುವ ಲೆಕ್ಕ. ಬಹಳ ಕಾಲ ಆಡಿದವನೇ ಇಲ್ಲಿ ದೊಡ್ಡವನು. 1983ರ ವಿಶ್ವಕಪ್‌ನಲ್ಲಿ ಜಿಂಬಾಬ್ವೆ ಎದುರು ಭಾರತ 17ಕ್ಕೆ 5 ವಿಕೆಟ್ ಕಳೆದುಕೊಂಡಿದ್ದಾಗ ಕಪಿಲ್ ದೇವ್ ಕಟ್ಟಿದ ಅಜೇಯ 175, ಸಯೀದ್ ಅನ್ವರ್‌ನ 194ರ ಎದುರು ಸುಮ್ಮನೆ ಸೋತು ಹೋಗುತ್ತದೆ. 17ಕ್ಕೆ 5 ಎಂಬುದನ್ನು ಬರೆಯಲು ಕಾರ್ಡಿನಲ್ಲಿ ಸಾಲಿಲ್ಲ. ಗೆದ್ದವನಿಗೇ ಮತ್ತೆ ಕೂಗು ಎಂಬ ನಿಯಮವೂ ಉಳ್ಳವನಿಗೇ ಉಣಬಡಿಸುವಂಥದ್ದು. ಹಂಚುವಾಗ ನಾಲ್ಕು ಒಳ್ಳೆಯ ಎಲೆ ಒಟ್ಟಿಗೆ ಬಿದ್ದವನು ತಲೆ ಖರ್ಚು ಮಾಡದೆ ಗೆಲ್ಲುತ್ತಾನೆ.

ಇದಕ್ಕೆ ಮದ್ದು ನಮ್ಮ ಜಿಲ್ಲೆಯಲ್ಲೇ ಇತ್ತು. ಮುಮ್ಮಡಿ ಕೃಷ್ಣರಾಜ ಒಡೆಯರು ರೂಪಿಸಿದ ಗಂಜೀಫಾ ಆಟಗಳು 13 ಬಗೆ. ಎಲೆಗಳ ಸಂಖ್ಯೆ 36ರಿಂದ 360ರವರೆಗೆ. ಅದಕ್ಕೂ ಹಳೆಯದಾದ, 120 ಎಲೆಗಳ ದಶಾವತಾರ ಗಂಜೀಫಾದ ಜಾಣತನ ನೋಡಿ: ಐದು ಅವತಾರಗಳಲ್ಲಿ ಹತ್ತರ ಎಲೆ ಒಂದಕ್ಕಿಂತ ದೊಡ್ಡದು, ಉಳಿದ ಐದರಲ್ಲಿ ಒಂದೇ ಹತ್ತಕ್ಕಿಂತ ದೊಡ್ಡದು. ಹಗಲಿನ ಆಟಕ್ಕೆ ರಾಮ ಮುಂದು, ಇರುಳಿನ ಆಟಕ್ಕೆ ಕೃಷ್ಣ. ಹೆಚ್ಚು ಎಂದರೆ ಬಲ ಎಂಬ ಒಂದೇ ಅಳತೆಗೆ ಆ ಆಟ ಕಟ್ಟುಬಿದ್ದಿರಲಿಲ್ಲ. ನಮ್ಮ ಕುಸ್ತಿಪಟುಗಳ ಟ್ರಂಪ್ ಕಾರ್ಡಿನಲ್ಲೂ ಇಂಥದ್ದೊಂದು ಸಾಲಿತ್ತು. ಅಲ್ಲಿ 'ರ‍್ಯಾಂಕ್' ಕೂಗಿದರೆ ಚಿಕ್ಕ ಅಂಕಿಗೇ ಗೆಲುವು.

ಈಗ ಶ್ರೀನಾಥ್ ವಿಷಯ. ಮೈಸೂರಿನ ಹುಡುಗ ಎಂಬ ಒಂದೇ ಕಾರಣಕ್ಕೆ, ಬದಲಾಯಿಸಿಕೊಳ್ಳುವಾಗ ಒಂದು ಶ್ರೀನಾಥ್‌ಗೆ ನಾನು ಮೂರು ಎಲೆ ಕೊಟ್ಟಿದ್ದೇನೆ. ಆಟಕ್ಕಿಳಿದರೆ ಬಡ ಎಲೆ ಅದು: 883 ರನ್, ಗರಿಷ್ಠ 53. ಇದ್ದ ಒಂದೇ ಬಲ 315 ವಿಕೆಟ್. ಅದನ್ನೇ ಕೂಗಿದರೂ ಜಯಸೂರ್ಯನ 323ಕ್ಕೆ ಸೋಲು. ವೇಗದ ಬೌಲಿಂಗನ್ನೇ ಬಾಳು ಮಾಡಿಕೊಂಡವನು ಆರಂಭಿಕ ಬ್ಯಾಟ್ಸ್‌ಮನ್ ಎದುರು ವಿಕೆಟ್ಟಿನಲ್ಲೇ ಸೋಲುವುದೆಂದರೆ ತಪ್ಪು ಬೌಲರಿನದಲ್ಲ, ಎಲೆ ಅಚ್ಚು ಹಾಕಿದವನದು. ಒಂದೇ ಒಂದು ಸಾಲು ಹೆಚ್ಚಿಗೆ ಬೇಕಿತ್ತು, ಬೌಲಿಂಗ್ ಸರಾಸರಿ. ಕಡಿಮೆ ಇದ್ದವನಿಗೆ ಗೆಲುವು. ಜಯಸೂರ್ಯ 36.75. ಶ್ರೀನಾಥ್ 28.08. ಮೂರು ಎಲೆ ಕೊಟ್ಟು ಕೊಂಡದ್ದು ದುಬಾರಿಯೇನೂ ಆಗಿರಲಿಲ್ಲ.