ಕಾರ್ಟೂನ್ ಚಿತ್ರಗಳು ಮತ್ತು ನಮ್ಮ ಮನೆಯ ಋತುಗಳು

ಕಾರ್ಟೂನ್ ಚಿತ್ರಗಳ ಕುರಿತು ಗಂಭೀರವಾಗಿ ಬರೆಯುವ ರೂಢಿ ನಮ್ಮಲ್ಲಿ ಕಡಿಮೆ. ಅವು ಮಕ್ಕಳ ಸೊತ್ತು, ಮಕ್ಕಳು ದೊಡ್ಡವರಾದ ಮೇಲೆ ಅವುಗಳ ಕೆಲಸ ಮುಗಿಯಿತು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಅವುಗಳಿಗೆ ಬೇರೆ ಯಾವ ಚಿತ್ರಕ್ಕೂ ಇಲ್ಲದ ಒಂದು ಗುಣವಿದೆ. ನಟನಟಿಯರಿಗೆ ವಯಸ್ಸಾಗುತ್ತದೆ, ಹಳೆಯ ಚಿತ್ರ ನೋಡುವಾಗ ಅವರ ಮುಪ್ಪಿನ ಮುಖವೂ ಮನಸ್ಸಿನಲ್ಲಿ ಹಾಯುತ್ತದೆ. ಬರೆದ ಬೊಂಬೆಗೆ ಮುಪ್ಪಿಲ್ಲ. ಮೋಗ್ಲಿ ಇಂದಿಗೂ ಹುಡುಗನೇ. ವಯಸ್ಸಾಗುವುದು ನೋಡುವವನಿಗೆ ಮಾತ್ರ. ಆದ್ದರಿಂದಲೇ ಇಂಥ ಚಿತ್ರಗಳು ಒಂದು ಮಳೆಗಾಲಕ್ಕೋ, ಒಂದು ಹಬ್ಬಕ್ಕೋ, ಮನೆಯ ಒಂದು ಸಾವಿಗೋ ಅಂಟಿಕೊಂಡು ಉಳಿದುಬಿಡುತ್ತವೆ ಎಂದು ನನಗೆ ತೋರುತ್ತದೆ. ಹೀಗೆ ಅಂಟಿಕೊಳ್ಳುವಲ್ಲಿ ಭಾಷೆಯ ಪಾಲು ಎಷ್ಟು ಎಂಬುದು ಈ ಲೇಖನದ ವಿಚಾರ.

ನಾನು ಬೆಳೆದದ್ದು ಗಡಹಿಂಗ್ಲಜದಲ್ಲಿ, ಬ್ಯಾಂಕಿನ ಗುಮಾಸ್ತಿಕೆ ಇಚಲಕರಂಜಿಯಲ್ಲಿ, ಸಂಸಾರ ಕೊಲ್ಹಾಪುರದಲ್ಲಿ. ಮನೆಯ ಮಾತು ಕನ್ನಡ, ಶಾಲೆ ಮತ್ತು ಪೇಟೆಯ ಮಾತು ಮರಾಠಿ, ಟೀವಿಯ ಮಾತು ಹಿಂದಿ. ಕಾಸರಗೋಡಿನ ಓದುಗರು ಮರಾಠಿಯ ಜಾಗದಲ್ಲಿ ಮಲಯಾಳವನ್ನು ಇಟ್ಟು ನೋಡಿದರೆ ಸಾಕು, ಇದು ಅವರ ಮನೆಯ ಕಥೆಯೂ ಆದೀತು.

ನಮ್ಮ ಊರುಗಳು ಬೊಂಬೆಚಿತ್ರಕ್ಕೆ ಅಪರಿಚಿತವೇನಲ್ಲ. 1929ರಲ್ಲಿ ಕೊಲ್ಹಾಪುರದಲ್ಲಿ ಹುಟ್ಟಿದ ಪ್ರಭಾತ್ ಫಿಲ್ಮ್ ಕಂಪನಿ 1933ರಲ್ಲಿ ಪುಣೆಗೆ ಹೋಯಿತು; ಮರುವರ್ಷವೇ ‘ಜಂಬೂ ಕಾಕಾ’ ಎಂಬ ನರಿಯ ಕಿರು ಕಾರ್ಟೂನ್ ಚಿತ್ರವನ್ನು ಮಾಡಿತು. ಆದರೆ ನನ್ನ ವಯಸ್ಸಿನವರ ಮಟ್ಟಿಗೆ ಈ ಲೋಕ ತೆರೆದದ್ದು ದೂರದರ್ಶನದಿಂದ. ಫಿಲ್ಮ್ಸ್ ಡಿವಿಜನ್ 1974ರಲ್ಲಿ ತಯಾರಿಸಿದ ‘ಏಕ್ ಅನೇಕ್ ಔರ್ ಏಕತಾ’ ಎಷ್ಟು ಸಲ ಬಂದಿತೋ ಲೆಕ್ಕವಿಲ್ಲ. ವಿಜಯಾ ಮುಳೆ ಅವರ ನಿರ್ದೇಶನ, ಭೀಮಸೇನ್ ಅವರ ಬೊಂಬೆಗಳು, ಪ್ರಭಾತ್ ಕಂಪನಿಯಲ್ಲೇ ಪಳಗಿದ ವಸಂತ ದೇಸಾಯಿ ಅವರ ಸಂಗೀತ. ಬಲೆಯ ಸಮೇತ ಹಾರಿದ ಹಕ್ಕಿಗಳು, ಬಲೆ ಕಡಿದ ಇಲಿಗಳು ಇಂದಿಗೂ ಕಣ್ಣಮುಂದಿವೆ. ಚಿಕ್ಕ ಚಿತ್ರವಾದರೂ ಅದರ ಕಟ್ಟು ಬಹಳ ಅಚ್ಚುಕಟ್ಟು. ಆದರೆ ಅನೇಕರು ಒಂದಾಗುವ ಆ ಪಾಠವನ್ನು ನಾವು ಕೇಳಿದ್ದು ಒಂದೇ ಭಾಷೆಯಲ್ಲಿ ಎಂಬುದು ಗಡಿಯ ಮನೆಯಲ್ಲಿ ಕುಳಿತವರಿಗೆ ಹೊಳೆಯದೆ ಇರದು.

1993ರ ಸುಮಾರಿಗೆ ರವಿವಾರದ ಬೆಳಿಗ್ಗೆ ‘ಜಂಗಲ್ ಬುಕ್’ ಬಂತು. ಜಪಾನಿನವರು 1989ರಲ್ಲಿ ಮಾಡಿದ ಧಾರಾವಾಹಿ. ಹಿಂದಿಯಲ್ಲಿ ಗುಲ್ಜಾರರ ಹಾಡು, ವಿಶಾಲ್ ಭಾರದ್ವಾಜರ ಸಂಗೀತ, ಶೇರ್ ಖಾನನಿಗೆ ನಾನಾ ಪಾಟೇಕರ್ ಅವರ ಕಂಠ. ನನಗೆ ಅದು ಯಾವಾಗಲೂ ಚಳಿಗಾಲದ ಚಿತ್ರ. ಗಡಹಿಂಗ್ಲಜದ ಪೇಟೆಗೆ ಕೆಂಪು ಮೆಣಸಿನಕಾಯಿ ಬರುವ ಕಾಲ ಅದು, ಓಣಿಯಲ್ಲೆಲ್ಲ ಘಾಟು. ಶೇರ್ ಖಾನ್ ಗುಡುಗುವಾಗ ನಾವು ಸೀನುತ್ತಿದ್ದೆವು. ಆ ಕಾಡಿನಲ್ಲಿ ಮೆಣಸಿನಕಾಯಿ ಎಲ್ಲಿಂದ ಬರಬೇಕು? ಋತುವನ್ನು ಕೊಟ್ಟದ್ದು ಧಾರಾವಾಹಿಯಲ್ಲ, ನಮ್ಮ ಓಣಿ. ಟೀವಿಯ ವೇಳಾಪಟ್ಟಿ ಹುಟ್ಟಿಸಿದ ಇಂಥ ನಂಟಿನಲ್ಲಿ ಚಿತ್ರದ ಹೆಚ್ಚುಗಾರಿಕೆ ಅಷ್ಟೇನಿಲ್ಲ. ಬಾಲ್ಯವೊಂದೇ ಸಾಕು, ಯಾವ ಚಿತ್ರವಾದರೂ ಸಿಹಿಯಾಗುತ್ತದೆ. ವಿಮರ್ಶೆ ಮಾಡುವವನು ಈ ಸಿಹಿಯನ್ನು ಸ್ವಲ್ಪ ದೂರ ಇಟ್ಟೇ ನೋಡಬೇಕು.

ಆಗ ಕನ್ನಡದ ಕಾರ್ಟೂನ್ ನಮಗೆ ಸಿಗಲಿಲ್ಲ. ಕರ್ನಾಟಕದ ಮಕ್ಕಳಿಗೂ ಅದು ಸುಲಭವಿರಲಿಲ್ಲ. 1960ರ ದಶಕದಿಂದ ಬೇರೂರಿದ್ದ ಡಬ್ಬಿಂಗ್ ವಿರೋಧ ದೊಡ್ಡವರ ಚಿತ್ರರಂಗವನ್ನು ಕಾಯಲು ಹುಟ್ಟಿದ್ದು. ಅದರ ಬೇಲಿಯೊಳಗೆ ಮಕ್ಕಳ ಬೊಂಬೆಗಳೂ ಸಿಕ್ಕಿಬಿದ್ದವು. 2009ರಲ್ಲಿ ಚಿಂಟು ಟೀವಿ ಬಂದ ಮೇಲೆ ಬೊಂಬೆಗಳು ದಿನವೂ ಕನ್ನಡ ಮಾತಾಡತೊಡಗಿದವು. ಡಬ್ಬಿಂಗ್ ತಡೆ ಸಲ್ಲದು ಎಂದು ಭಾರತೀಯ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಮಲಯಾಳದ ಮಕ್ಕಳಿಗೆ ಸಿ.ಡಿ.ಗಳ ಕಾಲದಲ್ಲೇ ‘ಮಂಜಾಡಿ’, ‘ಪೂಪಿ’ಯಂಥ ಹಾಡು ಕಥೆಗಳು ಮನೆಮಾತಾಗಿದ್ದವು. ಕಾಸರಗೋಡಿನ ಕನ್ನಡ ಮನೆಯ ಕೂಸು ಅವುಗಳನ್ನೇ ಹಾಡಿಕೊಂಡು ಬೆಳೆದಿದ್ದರೆ ಆಶ್ಚರ್ಯವಿಲ್ಲ, ಅದರಲ್ಲಿ ಕೇಡೂ ಇಲ್ಲ. ತನ್ನ ಮನೆಯ ಮಾತಿನಲ್ಲಿಯೂ ಅಷ್ಟೇ ಚಂದದ ಒಂದು ಬೊಂಬೆ ಆ ಕೂಸಿಗೆ ಇತ್ತೇ ಎಂಬುದಷ್ಟೇ ಪ್ರಶ್ನೆ.

ನನ್ನ ಮಗಳಿಗೆ ಸಿಕ್ಕಿದ್ದು ಪುಣ್ಯಕೋಟಿ. ಅವಳದು ಮರಾಠಿ ಶಾಲೆ. ಅಲ್ಲಿ ಗೋವಿನ ಹಾಡು ಇರಲಿಲ್ಲ. ಇನ್ಫೋಬೆಲ್ಸ್‌ನಂಥ ಬೆಂಗಳೂರಿನ ಸಂಸ್ಥೆಗಳು ಯೂಟ್ಯೂಬಿನಲ್ಲಿ ಕನ್ನಡ ಶಿಶುಗೀತೆಗಳನ್ನು ಹಾಕತೊಡಗಿದ ಕಾಲಕ್ಕೆ ಅವಳಿಗೆ ಐದಾರು ವರ್ಷ. ಕಾರ ಹುಣ್ಣಿಮೆಗೆ ಇಚಲಕರಂಜಿಯಲ್ಲಿ ‘ಕರ್ನಾಟಕಿ ಬೇಂದೂರ’ ಎಂದು ಹೆಸರು. ಮರಾಠಿ ಬೇಂದೂರ ಅದರ ಮುಂದಿನ ತಿಂಗಳು. ಎತ್ತಿನ ಹಬ್ಬಕ್ಕೂ ನಮ್ಮಲ್ಲಿ ಎರಡು ಭಾಷೆ, ಎರಡು ತಿಥಿ! ಹುಣ್ಣಿಮೆಯ ನಂತರದ ಮಣ್ಣೆತ್ತಿನ ಅಮಾವಾಸ್ಯೆಗೆ ನನ್ನ ಅವ್ವ ಗಡಹಿಂಗ್ಲಜದಲ್ಲಿ ಮೊಮ್ಮಗಳಿಗೆ ಮಣ್ಣಿನ ಎತ್ತು ಮಾಡಿಕೊಡುವಳು, ಅವುಗಳನ್ನು ಗೋದಲಿಯ ಮುಂದೆ ನಡೆಸುತ್ತಾ ಎತ್ತಿನ ದನಿಯನ್ನೂ ತಾನೇ ಹೊರಡಿಸುವಳು. ಅನಿಮೇಷನ್ ಎಂದರೆ ಮೂಲದಲ್ಲಿ ಇಷ್ಟೇ ಅಲ್ಲವೆ, ಜೀವವಿಲ್ಲದ್ದಕ್ಕೆ ನಡಿಗೆ ಮತ್ತು ಮಾತು ಕೊಡುವುದು?

ಅಂಥ ಒಂದು ಅಮಾವಾಸ್ಯೆಯ ಸಂಜೆ ಅಜ್ಜಿ ಮೊಮ್ಮಗಳಿಬ್ಬರೂ ಫೋನಿನಲ್ಲಿ ಪುಣ್ಯಕೋಟಿ ನೋಡಿದರು. ಮಗಳು ಕೇಳಿದಳು: “ಆಯಿ, ಆಕಳಾ ಖರೇನ ತಿರಿಗಿ ಹೋಗತೈತೇನು?” ಅವ್ವ ಹೇಳಿದಳು: “ಮಾತ ಕೊಟ್ಟೈತಲ್ಲವ್ವಾ, ಹೋಗಬೇಕs.” ಆಮೇಲೆ ನನ್ನ ಕಡೆ ತಿರುಗಿ, “ಆದರ ಆ ಕರಾ ಭಾಳ ನಗತೈತಿ. ತಾಯಿ ಹೊಂಟಾಗ ಕರಾ ಹಿಂಗ ನಗೂದಿಲ್ಲ,” ಎಂದಳು.

ಫೋನಿನ ಪುಣ್ಯಕೋಟಿಗಳ ಬಗ್ಗೆ ನಾನು ಕೇಳಿದ ಅತ್ಯುತ್ತಮ ವಿಮರ್ಶೆ ಇದು. ನಾನು ನೋಡಿದವುಗಳಲ್ಲಿ ಹಲವು ಬಣ್ಣದಲ್ಲಿ ಧಾರಾಳಿ, ದುಃಖದಲ್ಲಿ ಜಿಪುಣ. ಅಗಲ ಕಣ್ಣು, ಸದಾ ನಗೆ, ಹಸಿರು ಗುಡ್ಡ. ತಾಯಿ ತನ್ನ ಕರುವನ್ನು ಜೊತೆಯ ಹಸುಗಳಿಗೆ ಒಪ್ಪಿಸಿಕೊಡುವ ಗಳಿಗೆಯೇ ಹಾಡಿನ ತಿರುಳು. ಚಿತ್ರ ಅಲ್ಲಿ ನಿಲ್ಲದೆ ಹುಲಿಯ ಕಡೆ ಓಡುತ್ತದೆ. ಹಾಗಿದ್ದರೂ ಆ ಕೊರೆಯುಳ್ಳ ಬೊಂಬೆಯೇ ನಮ್ಮ ಮನೆಯಲ್ಲಿ ಒಂದು ದೊಡ್ಡ ಕೆಲಸ ಮಾಡಿತು. ಮರಾಠಿಯಲ್ಲಿ ‘ಆಯಿ’ ಎಂದರೆ ತಾಯಿ, ನಮ್ಮಲ್ಲಿ ಅಜ್ಜಿ. ಈ ಗೊಂದಲದಲ್ಲೇ ಬೆಳೆದ ಮಗಳು ಅಜ್ಜಿಯೊಡನೆ ಕನ್ನಡದಲ್ಲಿ ವಾದಕ್ಕೆ ನಿಂತದ್ದು ಆ ಹಸುವಿನಿಂದಾಗಿ.

ಅವ್ವ ತೀರಿಕೊಂಡದ್ದು 2020ರ ಸಂಕ್ರಾಂತಿಯ ಮುಂದೆ. ಅದೇ ವರ್ಷದ ಲಾಕ್‌ಡೌನ್ ದಿನಗಳಲ್ಲಿ ವಿ. ರವಿಶಂಕರ್ ಅವರ ‘ಪುಣ್ಯಕೋಟಿ’ ನೋಡಿದೆವು. ಅನೇಕರು ಚಂದಾ ಹಾಕಿ ನಿಲ್ಲಿಸಿದ ಸಂಸ್ಕೃತದ ಅನಿಮೇಷನ್ ಚಿತ್ರ, ಇಳಯರಾಜರ ಸಂಗೀತ. ಪ್ರಯತ್ನ ದೊಡ್ಡದು, ಗೌರವಕ್ಕೆ ಅರ್ಹವಾದದ್ದು. ಪಕ್ಕದ ಮನೆಯ ಮರಾಠಿ ಮಕ್ಕಳಿಗೂ ಅರ್ಧ ಮಾತು ತಿಳಿಯಿತು. ಮೂರು ಭಾಷೆಯ ಓಣಿಯಲ್ಲಿ ಇದು ಸಣ್ಣ ಲಾಭವಲ್ಲ. ಆದರೆ ಎಲ್ಲರಿಗೂ ಸಮಾನವಾಗಿ ಸೇರಿದ ಭಾಷೆ ಯಾರ ಅಡುಗೆಮನೆಗೂ ಸೇರುವುದಿಲ್ಲ. ಕರುವಿನ ಮಾತು ಅರ್ಥವಾಯಿತು, ಕರುಳಿಗೆ ಇಳಿಯಲಿಲ್ಲ. ನನ್ನ ದುಃಖ ಆಗ ಹಸಿಯಾಗಿತ್ತು, ಅದು ಹುಡುಕುತ್ತಿದ್ದದ್ದು “ಹೋಗಬೇಕs” ಎಂಬ ಎಳೆದ ದನಿಯನ್ನು. ಆ ದನಿಯನ್ನು ಯಾವ ಸ್ಟುಡಿಯೋ ಕೊಟ್ಟೀತು ಎಂದು ಕೇಳುವುದು ಅನ್ಯಾಯವೇ. ಆದರೂ ಕನ್ನಡದ ಹಾಡು ಕನ್ನಡವನ್ನು ಬಿಟ್ಟು ಹೋದಾಗ ಏನು ಹಿಂದೆ ಉಳಿಯುತ್ತದೆ ಎಂಬುದನ್ನು ವಿಮರ್ಶಕ ಹೇಳಲೇಬೇಕು.

ಇದಕ್ಕೆ ಎದುರಾಗಿ ಒಂದು ಪರದೇಶದ ಚಿತ್ರವನ್ನು ಇಡುತ್ತೇನೆ. 2019ರ ಆಗಸ್ಟಿನಲ್ಲಿ ಪಂಚಗಂಗೆ ಅಪಾಯದ 43 ಅಡಿಯನ್ನು ದಾಟಿ 55 ಅಡಿಗೂ ಮೇಲೇರಿತು. ಪುಣೆ-ಬೆಂಗಳೂರು ಹೆದ್ದಾರಿ ಕೆಲವು ದಿನ ಮುಚ್ಚಿತು. ಮರುವರ್ಷ ಮಗಳೊಡನೆ ಹಯಾವೊ ಮಿಯಾಜಾಕಿ ಅವರ ‘ಪೊನ್ಯೋ’ (2008) ನೋಡಿದೆ. ಸಮುದ್ರ ಉಕ್ಕಿ ಊರು ಮುಳುಗುತ್ತದೆ, ರಸ್ತೆಯ ಮೇಲೆ ಪುರಾತನ ಮೀನುಗಳು ಈಜುತ್ತವೆ, ಐದು ವರ್ಷದ ಹುಡುಗ ಆಟಿಕೆಯ ದೋಣಿಯಲ್ಲಿ ತಾಯಿಯನ್ನು ಹುಡುಕಿ ಹೊರಡುತ್ತಾನೆ. ಅಲ್ಲಿಯ ನೀರು ಗಾಜಿನಷ್ಟು ತಿಳಿ. ನಾವು ಕಂಡದ್ದು ಕೆಂಪು ರಾಡಿ, ಕೊಳೆತ ಕಬ್ಬು, ತೊಯ್ದು ಹೋದ ಮಗ್ಗ. ಸುಳ್ಳು ನೆರೆ ಎಂದು ತಳ್ಳಿಹಾಕಬಹುದಿತ್ತು. ಮಗಳು ತಳ್ಳಲಿಲ್ಲ, “ಅವನ ಅವ್ವ ಸಿಗೂಮಟ ಅವನೂ ಅಂಜಿಕೊಂಡs ಇದ್ದ,” ಎಂದಳು. ನೀರಿನ ಬಣ್ಣದಲ್ಲಿ ತಪ್ಪಿದ ಚಿತ್ರ ಅಂಜಿಕೆಯ ಅಳತೆಯಲ್ಲಿ ತಪ್ಪಿರಲಿಲ್ಲ. ಭಾಷೆ ದೂರವಿದ್ದರೂ ಋತು ಹತ್ತಿರ ಬಂದದ್ದು ಹೀಗೆ. ಅಂದರೆ ಭಾಷೆಯೊಂದೇ ಸಾಲದು. ಅಜ್ಜಿ ಹೇಳಿದಂತೆ ಕರು ನಗಬಾರದ ಕಡೆ ನಗಬಾರದು.

ಕಳೆದ 2025ರ ಶ್ರಾವಣದ ಮೊದಲ ದಿನ, ಜುಲೈ 25ರಂದು, ‘ಮಹಾವತಾರ ನರಸಿಂಹ’ ತೆರೆಗೆ ಬಂತು. ಕನ್ನಡ, ಮಲಯಾಳ ಎರಡರಲ್ಲೂ ಬಂದ ಚಿತ್ರವಾದ್ದರಿಂದ ಈ ವಾರ್ಷಿಕದ ಎರಡೂ ಕಡೆಯ ಓದುಗರು ನೋಡಿರಬಹುದು. ಮಗಳು ಓದಲು ಪುಣೆಗೆ ಹೊರಟ ವಾರವದು. ಕನ್ನಡದಲ್ಲೇ ನೋಡೋಣವೆಂದು ಅವಳೇ ಬೆಳಗಾವಿಗೆ ಎಳೆದೊಯ್ದಳು. ಯುದ್ಧದ ಅಬ್ಬರ ನನಗೆ ಅತಿಯಾಯಿತು. ಪ್ರಹ್ಲಾದನ ಭಾಗ ಚೆನ್ನಾಗಿದೆ. ಆದರೆ ಅಲ್ಲಿಯ ಕನ್ನಡ ಪುರಾಣದ ಗಂಭೀರ ಕನ್ನಡ. ನಮ್ಮ ಓಣಿಯದನ್ನು ಮಾತಾಡುವ ಬೊಂಬೆ ಇನ್ನೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಣ, ಸ್ಟುಡಿಯೋ ನಮ್ಮ ಕೈಯಲ್ಲಿಲ್ಲ. ಮಕ್ಕಳು ನೋಡುವಾಗ ಪಕ್ಕದಲ್ಲಿ ಕುಳಿತು ಮನೆಯ ಮಾತಿನಲ್ಲಿ ತಕರಾರು ಮಾಡುವುದು ನಮ್ಮ ಕೈಯಲ್ಲಿದೆ. ಚಿತ್ರ ಯಾವ ಭಾಷೆಯದೇ ಇರಲಿ, ತಕರಾರು ಕನ್ನಡದಲ್ಲಿ ನಡೆದರೆ ನೆನಪೂ ಕನ್ನಡದಲ್ಲೇ ಕೂರುತ್ತದೆ. ನಮ್ಮ ಮನೆಯಲ್ಲಿ ಹಾಗೆ ಕೂತಿದೆ.